ಹೊಸಿಲ ಮುಂದಿನ ನೀಲಿ ಗೆರೆ

ಲೋಟದ ನೀರು ಅಲುಗುತ್ತಿದೆ, ಅಂಚಿಗೆ ಬಂದು ಮತ್ತೆ ಒಳಗೇ ಹೋಗುತ್ತಿದೆ, ಕೈ ತನ್ನ ಪಾಡಿಗೆ ಕುಣಿಯುತ್ತಿದೆ, ಕುಣಿಯಲಿ, ಟೈಲರಿಗೆ ಚಿಂತೆಯೆಲ್ಲ ಕಾಲಿನದು — ಅಡುಗೆಮನೆಯ ಹೊಸಿಲು ಕಂಡದ್ದೇ ತಡ, ಎರಡೂ ನೆಲಕ್ಕೆ ಅಂಟಿಕೊಂಡಿವೆ, ಯಾರೋ ಅಂಗಾಲಿಗೆ ನೆಲವನ್ನೇ ಸೇರಿಸಿ ಹೊಲಿದುಬಿಟ್ಟ ಹಾಗೆ. ಪಾರ್ಕಿನ್ಸನ್ ಅಂತೆ, ಹೆಸರೇನೋ ದೊಡ್ಡ ಮನುಷ್ಯರದು, ಬುದ್ಧಿ ಮಾತ್ರ ಇಷ್ಟು, ಎತ್ತು ಅಂದರೆ ಎತ್ತುವುದಿಲ್ಲ, ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಒಳಕೋಣೆಯಲ್ಲಿ ಹೆಂಡತಿ ಮಲಗಿದ್ದಾಳೆ, ಮೊನ್ನೆ ಇವರನ್ನು ಎಬ್ಬಿಸಲು ಹೋಗಿ ಸೊಂಟ ಉಳುಕಿಸಿಕೊಂಡವಳು, ಇವತ್ತು ನೋವು ಯಾಕೋ ಜಾಸ್ತಿ, ಮಾತ್ರೆ ನುಂಗಲು ನೀರಿಲ್ಲ, ರೀ, ನೀವು ಏಳ್ಬೇಡಿ, ಸಂಜೆ ಮಗಳು ಬರ್ತಾಳಲ್ಲ, ಅಲ್ಲೀವರೆಗೂ ನಾನೇನು ಸಾಯಲ್ಲ — ಸಂಜೆವರೆಗೆ ನೋವು ತಿನ್ನುತ್ತ ಬಿದ್ದಿರಬೇಕೇ ಇವಳು? ಅದಕ್ಕೇ ಎದ್ದದ್ದು, ಅಡುಗೆಮನೆಯ ಕುರ್ಚಿ ಹಿಡಿದು, ಮುಂದಕ್ಕೆ ಬಾಗಿ, ಧೊಪ್ಪನೆ ಕೂತು, ಮತ್ತೆ ಬಾಗಿ, ವ್ಯಾಯಾಮ ಹೇಳಿಕೊಡುವ ಹುಡುಗಿ ಹೇಳಿದಂತೆ ಮೂಗು ಮಂಡಿ ದಾಟುವಷ್ಟು, ತೊಡೇಲಿ ಇನ್ನೂ ಬಲ ಇದೆ ತಾತ, ಧೈರ್ಯಕ್ಕೇ ಬಲ ಇಲ್ಲ, ಕಿಲಾಡಿ ಅವಳು. ಬಲ ಇರದೇ ಏನು, ಹಗಲೆಲ್ಲ ಹೊಲಿಗೆಯಂತ್ರ ತುಳಿದರೂ ಉಸ್ಸೆನ್ನದ ಕಾಲು, ಆಗೆಲ್ಲ ಅಂಗಡಿಯಲ್ಲಿ ಎದುರಿಗೆ ಕೂತು ಹೆಂಡತಿ ಗುಂಡಿಗೆ ಕಾಜ ಹಾಕುತ್ತಿದ್ದಳು, ಬಟ್ಟೆಗೆ ಗುರುತು ಹಾಕುವುದೂ ಅವಳೇ, ಪಟ್ಟಿ ಇಲ್ಲದೆ ಎಳೆದರೂ ದಾರ ಹಿಡಿದ ಹಾಗೆ ನೆಟ್ಟಗೆ, ಇವರದೇ ಸೊಟ್ಟ, ನಿಮ್ಮ ಗೆರೆ ನಂಬಿ ಕತ್ತರಿ ಹಾಕಿದ್ರೆ ಗಿರಾಕಿ ಒಂದು ಕಾಲು ಗಿಡ್ಡ ಮಾಡ್ಕೊಂಡು ಬರ್ಬೇಕಾಗತ್ತೆ, ಅಂಗಡಿಯೆಲ್ಲ ನಗು — ನೀರು ಚೆಲ್ಲಿತು, ಒಂದಿಷ್ಟೇ, ಪರವಾಗಿಲ್ಲ.

ಗೆರೆ. ಹೊಸಿಲ ಮುಂದೆ ಗೆರೆ ಎಳೆದಿಡಿ, ನಡೆಯೋದು ಮರೆತ ಕಾಲಿಗೂ ದಾಟೋದು ನೆನಪಿರತ್ತೆ ಅಂದಿದ್ದಳು ಹುಡುಗಿ, ನಾನೇನು ಕುಂಟೆಬಿಲ್ಲೆ ಆಡೋ ವಯಸ್ಸಿನವನಾ ಅಂತ ಬೇಡವೆಂದವರು ಇವರೇ — ಆದರೆ ಇದೆ, ಹೆಬ್ಬೆರಳ ಮುಂದೆಯೇ, ನೀಲಿ, ಅಂಗಡಿಯ ಚಾಕ್‌ಪೀಸಿನದೇ ನೀಲಿ, ಥೂ ಎಷ್ಟು ಸೊಟ್ಟ, ನಡುವೆ ನಡುಗಿ ಕೊನೆಯಲ್ಲಿ ಜಾರಿದೆ, ಯಾರು ಎಳೆದದ್ದು, ಮಗಳಿಗೆ ಚಾಕ್‌ಪೀಸ್ ಎಲ್ಲಿದೆ ಅಂತಲೇ ಗೊತ್ತಿಲ್ಲ, ಅದಿರುವುದು ದಿಂಬಿನ ಪಕ್ಕದ ಸೂಜಿ ಡಬ್ಬಿಯಲ್ಲಿ — ಅವಳೇ. ಬಗ್ಗಲಾಗದವಳು. ಬೆಳಿಗ್ಗೆ ಇವರು ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ನೆಲದಲ್ಲಿ ಕೂತು, ತೆವಳಿ, ಹಲ್ಲು ಕಚ್ಚಿ. ಅದಕ್ಕೇ ಇವತ್ತು ನೋವು ಜಾಸ್ತಿ, ಏಳ್ಬೇಡಿ ಅಂದವಳಿಗೆ ಇವರು ಎದ್ದೇ ಏಳುತ್ತಾರೆಂದು ಗೊತ್ತಿತ್ತು. ಅಯ್ಯೋ ನನ್ನ ಪುಟ್ಟಿ. ರೀ, ನಿಂತ್ಬಿಟ್ರಾ? ಬಂದೆ ಕಣೇ. ಇದನ್ನು ತುಳಿಯಬಾರದು, ಅಳಿಸಬಾರದು, ಒಂದು ಚೂರೂ ತಾಗದಂತೆ, ಎತ್ತರಕ್ಕೆ — ಬಲಗಾಲು ಎದ್ದಿತು, ದಾಟಿತು, ಎಡಗಾಲೂ ಬಂತು, ಹೊಸಿಲಾಚೆ ಇನ್ನೊಂದು ಗೆರೆ, ಅದರಾಚೆ ಮತ್ತೊಂದು, ಮಂಚದವರೆಗೂ, ಅವಳ ಹತ್ತಿರ ಹೋದಷ್ಟೂ ನೆಟ್ಟಗೆ, ಮಂಚದ ಬುಡದಲ್ಲಿರುವುದು ದಾರ ಹಿಡಿದ ಹಾಗಿದೆ, ಮೊದಲು ಎಳೆದದ್ದು ಅದು, ಕೊನೆಯದು ಇದು, ಹಿಂದೆ ಉಳಿದದ್ದು, ನಡುವೆ ನಡುಗಿದ್ದು, ಕೊನೆಯಲ್ಲಿ ಜಾರಿದ್ದು, ಆ ಸೊಟ್ಟ ನೀಲಿ ಗೆರೆ.