ಗಾಣದೆಣ್ಣೆಯಲ್ಲಿ ನೆನೆದ ವಾಷರ್

"ಬ್ರೇಕ್ ಬಿಚ್ಚಿದ್ರೆ ಹೆಂಗುಸ್ರ ಜಡೆ ವಾಸ್ನೆ ಬತ್ತೈತಲ್ಲ ಸಾ, ಇದೇನಿದು?"

ಗುಬ್ಬಿಯ ಯಲ್ಲಯ್ಯನವರು ಸದಾಶಿವನಗರದ ನಮ್ಮ ಮನೆ ಮುಂದೆ, ನನ್ನ ಹಳೇ ಮೆಟಡಾರ್‌ನ ಹಿಂದಿನ ಚಕ್ರ ಬಿಚ್ಚಿದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಬ್ರೇಕಿನ ಡ್ರಮ್ಮನ್ನು ಕಳಚಿ ಪಕ್ಕಕ್ಕಿಟ್ಟಿದ್ದರು. ಒದ್ದೆಯಾದ ಬೆರಳನ್ನು ಇನ್ನೊಂದು ಸಲ ಮೂಗಿಗೆ ಹಿಡಿದು ನನ್ನ ಮುಖ ನೋಡಿದರು. ನಾನು ಜಾಕ್ ಸರಿಯಾಗಿ ನಿಂತಿದೆಯೇ ಎಂದು ಬಗ್ಗಿ ನೋಡಿದೆ. ಜಾಕ್ ಸರಿಯಾಗಿಯೇ ನಿಂತಿತ್ತು.

"ಗೊತ್ತಿಲ್ವಲ್ಲ ಯಲ್ಲಯ್ಯನೋರೇ," ಅಂದೆ.

ಗೊತ್ತಿತ್ತು. ಹದಿನೈದು ದಿನದ ಹಿಂದೆ ಇದೇ ಡ್ರಮ್ಮನ್ನು ನಾನೇ ಕಳಚಿ, ಇದೇ ವಾಸನೆ ಹಿಡಿದು, ಯಾರಿಗೂ ಹೇಳದೆ ವಾಪಸ್ ಮುಚ್ಚಿಟ್ಟಿದ್ದೆ.

ನಾನು ಮೆಕ್ಯಾನಿಕ್ ಅಲ್ಲ, ಸ್ಕೂಲೊಂದರಲ್ಲಿ ಕ್ಲರ್ಕು. ಮಿಕ್ಸಿ, ಯುಪಿಎಸ್, ಪಕ್ಕದ ಮನೆಯವರ ವಾಷಿಂಗ್ ಮಷೀನು, ಎಲ್ಲವನ್ನೂ ಫೋನಿನಲ್ಲಿ ನೋಡಿಯೇ ರಿಪೇರಿ ಕಲಿತವನು. ಎರಡು ವರ್ಷದ ಹಿಂದೆ ಈ ಮೆಟಡಾರ್ ತಂದು, ಹಿಂದಿನ ಸೀಟುಗಳನ್ನು ಕಿತ್ತು, ಒಂದು ಮಂಚ, ಎರಡು ಒಲೆಯ ಗ್ಯಾಸು, ನಲ್ಲಿಯಿರುವ ಸಿಂಕು ಕೂಡಿಸಿದೆ. ದೇವರಾಯನದುರ್ಗಕ್ಕೆ ಹೋಗಿ ಅಲ್ಲೇ ಉಪ್ಪಿಟ್ಟು ಕೆದಕಿ ತಿಂದು ಬರುವುದು ನನ್ನ ಸುಖ. "ಮನೆ ಇರೋರು ಯಾರಾದ್ರೂ ಇನ್ನೊಂದು ಮನೆ ಹೊತ್ಕೊಂಡು ತಿರುಗ್ತಾರೇನ್ರೀ? ಬಸವನಹುಳು ನೀವು," ಎನ್ನುವುದು ನನ್ನ ಹೆಂಡತಿ ಲಕ್ಷ್ಮೀದೇವಮ್ಮನ ಮಾತು. ಬಯ್ಯುತ್ತಲೇ ಹತ್ತಿ ಕೂರುತ್ತಾಳೆ.

ಬ್ರೇಕು ಸಡಿಲವಾದಾಗ ನಾನೇ ಮಾಡುತ್ತೇನೆ ಅಂದೆ. ಸ್ಪ್ರಿಂಗು ಯಾವ ತೂತಿಗೆ ಸಿಕ್ಕಿಸಿದೆ ಎಂದು ಫೋಟೋ ಹೊಡೆದುಕೊಂಡು ಒಂದೊಂದೇ ಬಿಚ್ಚಿದೆ. ಡ್ರಮ್ಮಿನೊಳಗೆ ಅರ್ಧಚಂದ್ರದ ಹಾಗೆ ಎರಡು ಶೂ ಇರುತ್ತವೆ. ಪೆಡಲ್ ತುಳಿದರೆ ಬ್ರೇಕ್ ಆಯಿಲ್ ಬಂದು ಪುಟ್ಟ ಸಿಲಿಂಡರೊಂದನ್ನು ನೂಕುತ್ತದೆ, ಅದು ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಶೂ ಮೇಲೆ ರಿವಿಟ್ ಹೊಡೆದು ಕೂರಿಸಿದ ಪಟ್ಟಿ, ಅಂದರೆ ಲೈನರ್, ಸವೆದು ರಿವಿಟ್ ಕಾಣುತ್ತಿತ್ತು. ಇಷ್ಟು ಹಳೇ ಗಾಡಿಗೆ ಹೊಸ ಶೂ ಎಲ್ಲಿ ಸಿಗಬೇಕು? ಗುಬ್ಬಿಗೆ ಹೋಗಿ ಯಲ್ಲಯ್ಯನವರಿಗೆ ಕೊಟ್ಟೆ. ನಲವತ್ತು ವರ್ಷದಿಂದ ಶೂಗಳಿಗೆ ಲೈನರ್ ಹೊಡೆದುಕೊಂಡು ಬಂದವರು. ಹೊಸ ಲೈನರ್ ಹೊಡೆದು ವಾಪಸ್ ಕೊಡುವಾಗ, "ಸಿಲಿಂಡರ್ ವಾಷರ್ ಮಾತ್ರ ಗೊತ್ತಿರೋರ ಕೈಲಿ ಹಾಕ್ಸಿ ಸಾ," ಅಂದರು. "ನನ್ಗೇ ಗೊತ್ತು ಬಿಡಿ," ಅಂದೆ.

ಸಿಲಿಂಡರಿನ ಒಳಗೆ ಬಟ್ಟಲಿನ ಆಕಾರದ ರಬ್ಬರ್ ವಾಷರ್‌ಗಳಿರುತ್ತವೆ. ಹೊಸದನ್ನು ಕೂರಿಸುವಾಗ ಬ್ರೇಕ್ ಆಯಿಲ್ ಬಿಟ್ಟು ಬೇರೇನೂ ಸೋಕಿಸಬೇಡಿ ಎಂದು ವಿಡಿಯೋದವನು ಹೇಳಿದ್ದ. ಆದರೆ ನನ್ನ ತಲೆಯಲ್ಲಿದ್ದದ್ದು ನಮ್ಮಮ್ಮ. ಹೊಸ ಚಪ್ಪಲಿ ತಂದರೂ, ಹೊಸ ರೊಟ್ಟಿ ಹೆಂಚು ತಂದರೂ, ಮನೆಗೆ ಹೊಸ ಕೂಸು ಬಂದರೂ, ಎಣ್ಣೆ ಹಚ್ಚಿ ಒಂದು ದಿನ ಬಿಡದೆ ನಮ್ಮಮ್ಮ ಮುಂದಿನ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಊರ್ಡಿಗೆರೆಯ ನಮ್ಮ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿದ ಎಣ್ಣೆ ಮನೆಯಲ್ಲಿತ್ತು. ಸ್ಟೀಲ್ ಬಟ್ಟಲಿಗೆ ಸುರಿದು ವಾಷರ್‌ಗಳನ್ನು ನೆನೆಹಾಕಿದೆ. ಬೆಳಗ್ಗೆ ನೋಡಿದರೆ ಮಿರಮಿರ ಮಿಂಚುತ್ತಾ, ಸ್ವಲ್ಪ ದುಂಡಗೆ ಆಗಿದ್ದವು. ಎಣ್ಣೆನೀರು ಕಂಡ ಬಾಣಂತಿ ಕೂಸಿನ ಹಾಗಿವೆ ಎಂದು ನಾನು ಖುಷಿಯೂ ಪಟ್ಟೆ. ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಪೆಡಲ್ ತುಳಿಸಿ, "ಒತ್ತು, ಹಿಡ್ಕೋ, ಬಿಡು," ಎಂದು ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದದ್ದೂ ಆಯಿತು. ಬೀದಿಯವರೆಲ್ಲಾ ನಿಂತು ನೋಡಿದರು.

ಒಂದು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ನನ್ನ ಬಾಮೈದ ದಯಾನಂದನ ಮನೆ ಗೃಹಪ್ರವೇಶಕ್ಕೆಂದು ನಾವಿಬ್ಬರೂ ಕುಣಿಗಲ್‌ಗೆ ಹೊರಟೆವು. ಇನ್ನೇನು ಅವನ ಮನೆ ಕಾಣಿಸಿತು ಎನ್ನುವಾಗ ಹಂಪ್ ಬಂತು. ಬ್ರೇಕ್ ತುಳಿದೆ. ಬಿಸಿ ಮುದ್ದೆಯ ಮೇಲೆ ಕಾಲಿಟ್ಟ ಹಾಗೆ ಪೆಡಲ್ ತಳಕ್ಕೆ ಇಳಿಯಿತು. ಹ್ಯಾಂಡ್‌ಬ್ರೇಕ್ ಎಳೆದೆ, ಅದೂ ಹಿಡಿಯಲಿಲ್ಲ. ಗೇರ್ ಇಳಿಸಿ ಎಡಕ್ಕೆ ತಿರುಗಿಸಿದೆ. ಗಾಡಿ ಹೋಗಿ ತೆಂಗಿನಕಾಯಿ ಸಿಪ್ಪೆಯ ರಾಶಿಗೆ ಮೂಗು ತುರುಕಿ ನಿಂತಿತು. ನಮಗೇನೂ ಆಗಲಿಲ್ಲ. ಹಿಂದಿದ್ದ ಪಾಯಸದ ಪಾತ್ರೆ ಮಾತ್ರ ಲಕ್ಷ್ಮೀದೇವಮ್ಮನ ರೇಷ್ಮೆ ಸೀರೆಯ ಮೇಲೆ ಮಗುಚಿತ್ತು.

ಗೃಹಪ್ರವೇಶಕ್ಕೆ ಬಂದಿದ್ದ ನೆಂಟರೆಲ್ಲ ಓಡಿ ಬಂದರು. ಅವರ ಮಧ್ಯದಿಂದ ದಯಾನಂದ ಕೇಳಿದ: "ಭಾವ, ಈ ಬ್ರೇಕ್ ನೀವೇ ಅಲ್ವಾ ಮಾಡಿದ್ದು?"

"ನಾನು ಮಾಡಿದ್ದು ಸರಿಯಾಗೇ ಇತ್ತು ಕಣೋ. ಗುಬ್ಬಿ ಯಲ್ಲಯ್ಯ ಹೊಡೆದ ಲೈನರ್ರೇ ಡೂಪ್ಲಿಕೇಟು."

ಯೋಚಿಸಿ ಹೇಳಿದ್ದಲ್ಲ. ಅಷ್ಟೊಂದು ಮುಖ ಒಟ್ಟಿಗೆ ನನ್ನನ್ನೇ ನೋಡುತ್ತಿದ್ದವು, ಬಾಯಿಗೆ ಬಂತು. ಅಲ್ಲಿಗೇ ನಿಂತಿದ್ದರೆ ಸರಿಹೋಗುತ್ತಿತ್ತೇನೋ. ದಯಾನಂದ ಸ್ಕೂಲ್ ವ್ಯಾನ್ ಓಡಿಸುವವನು. "ಮಕ್ಕಳ ವಿಚಾರ ಭಾವ, ನಮ್ ಡ್ರೈವರ್ಸ್ ಗ್ರೂಪಿಗೆ ಗೊತ್ತಾಗ್ಲಿ, ನಿಮ್ ಬಾಯಲ್ಲೇ ಹೇಳಿ," ಎಂದು ರೆಕಾರ್ಡ್ ಒತ್ತಿ ಫೋನ್ ಹಿಡಿದ. ನಾನು ಪೂರ್ತಿ ಒಂದು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ನನಗೆ ಮಾತು ಬರುತ್ತದೆ, ಕಷ್ಟಕ್ಕೆ ತಂದದ್ದೂ ಅದೇ.

ಮಾರನೇ ದಿನ ಗಾಡಿಯನ್ನು ಎಳೆಸಿಕೊಂಡು ಬಂದು ಡ್ರಮ್ ಬಿಚ್ಚಿದೆ. ಆಗ ಈ ವಾಸನೆ ಬಂತು. ಮುಚ್ಚಿಟ್ಟೆ.

ಈ ಭಾನುವಾರ ಬೆಳಗ್ಗೆ ಯಲ್ಲಯ್ಯನವರು ಟೂಲ್ಸ್ ಚೀಲ ಹಿಡಿದು ಬಸ್ಸಿನಲ್ಲಿ ಬಂದಿಳಿದಿದ್ದರು. ಜಗಳಕ್ಕೆ ಬಂದರೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಕೇಳಿದ್ದು ಬೇರೆ: "ಹತ್ತು ದಿನದಿಂದ ಒಂದು ಸ್ಕೂಲ್ ವ್ಯಾನೂ ನನ್ ಅಂಗ್ಡಿ ಮುಂದೆ ನಿಲ್ತಿಲ್ಲ ಸಾ. ಯಾಕಪ್ಪಾ ಅಂದ್ರೆ ಒಬ್ಬ ಡ್ರೈವರ್ ನಿಮ್ ವಾಯ್ಸ್ ಕೇಳುಸ್ದ. ನನ್ ಕೈಯೇ ತಪ್ಪಿದ್ಯೇನೋ ಅಂತ ನಿದ್ದೆ ಬರ್ನಿಲ್ಲ. ವಯಸ್ಸಾಯ್ತಲ್ಲ. ಒಂದ್ಸಲ ಬಿಚ್ಚಿ ನೋಡ್ಲಾ?"

ಬೇಡ ಎನ್ನುವುದು ಹೇಗೆ?

ಈಗ ಅವರು ಲೈನರ್ ಮೇಲೆ ಹೆಬ್ಬೆರಳು ಆಡಿಸುತ್ತಾ ರಿವಿಟ್‌ಗಳನ್ನು ಒಂದೊಂದಾಗಿ ಮುಟ್ಟಿದರು. "ಎಂಟು. ಒಂದೂ ಅಲುಗಿಲ್ಲ," ಅಂದರು, ತಮಗೆ ತಾವೇ. ಆಮೇಲೆ ಸಿಲಿಂಡರ್ ಬಿಚ್ಚಿ, ವಾಷರ್ ಒಂದನ್ನು ಈಚೆ ತೆಗೆದು ಹಿಚುಕಿದರು.

"ನೋಡಿ ಸಾ, ನೆನೆಸಿದ ಅವರೆಕಾಳು ಇದ್ದಂಗೈತೆ. ಬೇರೆ ಎಣ್ಣೆ ಸೋಕಿದ್ರೆ ಇಂಗೇ, ರಬ್ಬರ್ ಊದ್ಕಂಡು ಮೆತ್ತಗಾಗ್ತದೆ. ಆಯಿಲ್ ಆಚೆ ಬಂದು ಲೈನರ್ ನೆಂದೋಗ್ತದೆ. ಯಾರ್ ಹಾಕುದ್ರು ಇದುಕ್ಕೆ ಎಣ್ಣೆನಾ?"

ಆಗಲಾದರೂ ಹೇಳಬಹುದಿತ್ತು. ನಾನು ಅಂದದ್ದು: "ಅಂಗಡೀಲಿ ಕೊಟ್ಟ ಬ್ರೇಕ್ ಆಯಿಲ್ಲೇ ಕಲಬೆರಕೆ ಇರ್ಬೇಕು."

ಯಲ್ಲಯ್ಯನವರು ತಟ್ಟನೆ ಎದ್ದರು. ಬಂದಾಗಿನಿಂದ ಮೊದಲ ಸಲ ಅವರ ಮುಖ ಅರಳಿತು. "ಯಾವ ಅಂಗ್ಡಿ ಸಾ? ನಡೀರಿ ಓಗಣ. ನನ್ ಹೆಸ್ರು ತೆಗೆದೋನು ಅವ್ನೇ ಹಂಗಾದ್ರೆ! ಇದೇ ವಾಷರ್ ತೋರ್ಸಣ." ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿಯೂ ಬಿಟ್ಟರು.

ಕಾಫಿ ಹಿಡಿದು ಬಂದ ಲಕ್ಷ್ಮೀದೇವಮ್ಮ ಬಾಗಿಲಲ್ಲೇ ನಿಂತಳು. ಆ ಅಂಗಡಿಯವನು ನನಗೆ ಸೀಲ್ ಒಡೆಯದ ಡಬ್ಬಿ ಕೊಟ್ಟಿದ್ದ. ಜೊತೆಗೆ, "ನೀವೇ ಮಾಡ್ತೀರಾ ಸಾರ್? ಭೇಷ್," ಎಂದೂ ಹೊಗಳಿದ್ದ.

"ಚಪ್ಪಲಿ ಬಿಡಿ ಯಲ್ಲಯ್ಯನೋರೇ," ಅಂದೆ. "ಅಂಗಡಿಯವನದ್ದಲ್ಲ. ನಾನೇ ಕೊಬ್ಬರಿ ಎಣ್ಣೇಲಿ ನೆನೆಹಾಕಿದ್ದೆ. ಹೊಸದಕ್ಕೆ ಎಣ್ಣೆ ಕುಡಿಸಿದ್ರೆ ಮೆತ್ತಗಾಗುತ್ತೆ ಅಂತ."

"ಅಯ್ಯೋ ನಿಮ್ಮ!" ಅಂದಳು ಹೆಂಡತಿ. "ಆ ಬಟ್ಲು ಎಷ್ಟು ತೊಳೆದ್ರೂ ಟೈರ್ ವಾಸ್ನೆ ಹೋಗ್ತಿಲ್ಲ ಅಂತ ನಾನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಸತ್ತೆ!"

ಯಲ್ಲಯ್ಯನವರು ನಗಲಿಲ್ಲ. ವಾಷರನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೇಳಿದರು: "ನಿಮ್ಗೆ ಇದು ಯಾವಾಗ ಗೊತ್ತಾಯ್ತು ಸಾ?"

ಈ ಪ್ರಶ್ನೆಗೇ ನಾನು ಹೆದರಿದ್ದು. "ಗಾಡಿ ಮನೆಗೆ ಬಂದ ದಿನ. ಬಿಚ್ಚಿ ನೋಡಿದ್ದೆ."

"ಅಂದ್ರೆ ಹದಿನೈದು ದಿನ ಆಯ್ತು."

"ಹೂಂ."

"ಎಣ್ಣೆ ಹಾಕಿದ್ದು ಬುಡಿ, ಗೊತ್ತಿಲ್ದೆ ಆಯ್ತು. ಆದ್ರೆ ಆ ಹದಿನೈದು ದಿನ..." ಅವರು ಬಟ್ಟೆ ತೆಗೆದುಕೊಂಡು ಸ್ಪಾನರ್‌ಗಳನ್ನು ಒರೆಸತೊಡಗಿದರು. ಬಯ್ದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ.

ನಾನೇ ಫೋನ್ ತೆಗೆದು ರೆಕಾರ್ಡ್ ಒತ್ತಿದೆ. ದಯಾನಂದನಿಗೆ ಕಳಿಸಿದರೆ ಗ್ರೂಪಿಗೆ ಹಾಕುತ್ತಾನೆ. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ: "ಎಲ್ಲ ಚಾಲಕ ಮಿತ್ರರಿಗೆ ನಮಸ್ಕಾರ. ಕಾರಣಾಂತರಗಳಿಂದ ಒಂದು ತಪ್ಪು ತಿಳಿವಳಿಕೆ ಉಂಟಾಗಿ..."

"ಕಾರಣಾಂತರ ಯಾರ್ರೀ?" ಹೆಂಡತಿ ಅಡ್ಡ ಬಂದಳು. "ನಮ್ಮ ಮನೇಲಿ ಆ ಹೆಸರಿನೋರು ಯಾರೂ ಇಲ್ಲ. ಇರೋದು ನೀವು."

ಅಳಿಸಿದೆ. ಎರಡನೇ ಸಲ ಶುರು ಮಾಡಿದಾಗ ನನಗೆ ಮಾತು ಬರುತ್ತದೆ ಎಂಬುದೇ ಸುಳ್ಳಾಯಿತು. ತೊದಲುತ್ತಾ ಹೇಳಿದೆ: "ನಾನು ಸದಾಶಿವನಗರದ ಹನುಮಂತರಾಜು. ಬ್ರೇಕ್ ಹೋಗಿದ್ದು ನನ್ನಿಂದ. ವಾಷರ್‌ನ ಕೊಬ್ಬರಿ ಎಣ್ಣೇಲಿ ನೆನೆಹಾಕಿದ್ದೆ. ಗುಬ್ಬಿ ಯಲ್ಲಯ್ಯನೋರ ಲೈನರ್ ಸರಿಯಾಗೇ ಇದೆ, ಎಂಟು ರಿವಿಟ್ಟೂ ಭದ್ರವಾಗಿವೆ. ನನ್ಗೆ ಹದಿನೈದು ದಿನದ ಹಿಂದೇನೇ ಗೊತ್ತಿತ್ತು. ಹೇಳ್ಲಿಲ್ಲ. ಸುಳ್ಳು ಹೇಳಿದ್ದೆ."

ಕಳಿಸಿದೆ. ಒರೆಸುತ್ತಿದ್ದ ಸ್ಪಾನರನ್ನು ಯಲ್ಲಯ್ಯನವರು ಚೀಲಕ್ಕೆ ಹಾಕಿದರು.

"ಅದುನ್ನ ನನ್ ಫೋನಿಗೂ ಆಕ್ಬುಡಿ ಸಾ."

ಹಾಕಿದೆ. ಅವರು ಎಣ್ಣೆ ಕುಡಿದ ಶೂಗಳನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕಿಳಿಸಿದರು. "ಈ ಲೈನರ್ ಇನ್ ಬರಲ್ಲ. ಹೊಸ್ದು ಹೊಡೀತೀನಿ. ವಾಷರ್ ನಾನೇ ಬಂದು ಹಾಕ್ತೀನಿ, ನೀವು ಮುಟ್ಬ್ಯಾಡಿ." ಆರಿದ ಕಾಫಿಯನ್ನು ನಿಂತೇ ಕುಡಿದು, ಲೋಟ ಲಕ್ಷ್ಮೀದೇವಮ್ಮನ ಕೈಗೆ ಕೊಟ್ಟರು. "ಬತ್ತೀನಿ ಕಣಮ್ಮ."

"ಬಸ್‌ಸ್ಟಾಪ್‌ವರ್ಗೂ ಬರ್ಲಾ?" ಅಂದೆ.

"ಬ್ಯಾಡ ಸಾ. ನೀವು ಕೈ ತೊಳ್ಕಳಿ."

ಗೇಟಿನಲ್ಲಿ ನಿಂತು ನೋಡಿದೆ. ಚೀಲ ಹೆಗಲಿಗೇರಿಸಿಕೊಂಡು ನಿಧಾನವಾಗಿ ನಡೆದರು. ಬೀದಿಯ ತಿರುವಿನಲ್ಲಿ, ಇಸ್ತ್ರಿ ಗಾಡಿಯ ಹತ್ತಿರ ನಿಂತು, ಫೋನ್ ತೆಗೆದು ಏನೋ ಒತ್ತಿದರು. ಅಷ್ಟು ದೂರದಿಂದ, ಆ ಬೆಳಗಿನಲ್ಲಿ, ನನ್ನದೇ ದನಿ ಕೇಳಿಸಿತು. "ನಾನು ಸದಾಶಿವನಗರದ ಹನುಮಂತರಾಜು..." ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು ಕಿವಿಗೊಟ್ಟ. ಮುಗಿದ ಮೇಲೆ ತಿರುಗಿ ನಮ್ಮ ಗೇಟಿನ ಕಡೆ ನೋಡಿದ.

ಯಲ್ಲಯ್ಯನವರು ಅದನ್ನು ಮತ್ತೆ ಮೊದಲಿಂದ ಹಾಕಿದರು.