ಹಳೆಯ ಕೋಟಿನ ಹೊಲಿಗೆ

೨೦೨೧ರ ಫೆಬ್ರವರಿ ಮುಗಿಯುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತು. ಸೆಂಡಾಯ್‌ನ ಆ ಪುಟ್ಟ ಫ್ಲ್ಯಾಟಿನಲ್ಲಿ ಚಂದ್ರಮೋಹನ್ ತಂಗಿಯ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಬ್ಲೇಡಿನ ತುದಿಯಿಂದ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದರು.

"ಎಷ್ಟು ದಪ್ಪ ಆಗಿದ್ದೀಯೇ! ಇಲ್ಲಿ ಕೂತು ಲೆಕ್ಕ ಒಂದೇ ಮಾಡ್ಲಿಲ್ಲ ನೀನು."

"ಅಳತೆ ತಗೊಂಡಿದ್ದು ನೀನೇ ಅಲ್ವಾ ಅಣ್ಣಾ?" ಎಂದರು ಅಹಲ್ಯಾ. ಕಣ್ಣು ಲ್ಯಾಪ್‌ಟಾಪ್ ಬಿಟ್ಟು ಕದಲಲಿಲ್ಲ.

೧೯೮೬ರಲ್ಲಿ ಅಹಲ್ಯಾ ಗಣಿತ ಓದಲು ಜಪಾನಿಗೆ ಹೊರಟಾಗ, ತುಮಕೂರಿನ ತಮ್ಮ ದರ್ಜಿ ಅಂಗಡಿಯಲ್ಲಿ ಚಂದ್ರಮೋಹನ್ ಹೊಲಿದ ಕೋಟು ಅದು. ತಾವು ಓದಿದ್ದು ನಾಲ್ಕನೇ ಕ್ಲಾಸು. ತಂಗಿ ಇಲ್ಲೇ ಪ್ರೊಫೆಸರ್ ಆದಳು, ಇಲ್ಲೇ ಉಳಿದಳು. ಹೋದ ಮಾರ್ಚಿನಲ್ಲಿ, ಚೆರ್ರಿ ಹೂ ನೋಡಿ ಮೂರು ವಾರಕ್ಕೆ ವಾಪಸಾಗೋಣ ಎಂದು ಬಂದ ಚಂದ್ರಮೋಹನ್‌ರನ್ನು ಕೊರೊನಾ ಒಂದು ವರ್ಷ ಹಿಡಿದಿಟ್ಟಿತ್ತು. ಅಷ್ಟರಲ್ಲಿ ತಂಗಿಯ ವಿಭಾಗಕ್ಕೆಲ್ಲ ಮಾಸ್ಕು ಹೊಲಿದು ಕೊಟ್ಟಿದ್ದರು.

ಬರುವ ತಿಂಗಳು ಅಹಲ್ಯಾಗೆ ನಿವೃತ್ತಿ. ನಿವೃತ್ತರಾಗುವವರು ಕೊನೆಯದೊಂದು ಪಾಠ ಮಾಡುವುದು ಅಲ್ಲಿನ ಪದ್ಧತಿ. ಅಂದು ತೊಡಲೆಂದೇ ಈ ಕೋಟು. ಎಲ್ಲರೂ ಕೇಳುತ್ತಾರೆ, ತಲೆ ಬಾಗುತ್ತಾರೆ, ಹೂಗುಚ್ಛ ಕೊಡುತ್ತಾರೆ. ಆ ದಿನ ತಪ್ಪು ಹುಡುಕುವ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಹಲ್ಯಾ ತಮಗೆ ಹೆಸರು ತಂದ ಹಳೆಯ ಪ್ರಮೇಯದ ಬಗ್ಗೆಯೇ ಮಾತಾಡುವವರಿದ್ದರು. ಆದರೆ ಅಂದು ಬೆಳಿಗ್ಗೆ ಅವರ ವಿದ್ಯಾರ್ಥಿನಿ ಶ್ರಾವ್ಯಾಳ ಮೇಲ್ ಬಂದಿತ್ತು. ನಾಲ್ಕು ಸಲ ಸುಮಿಮಾಸೆನ್ ಎಂದು ಕ್ಷಮೆ ಕೇಳಿ, ಆಮೇಲೆ ವಿಷಯ ಬರೆದಿದ್ದಳು: ಪ್ರಮೇಯದ ಮೂರನೆಯ ಹೆಜ್ಜೆ ನಿಲ್ಲುವುದಿಲ್ಲ. ಅಹಲ್ಯಾ ಮತ್ತೆ ಮತ್ತೆ ಮಾಡಿ ನೋಡಿದ್ದರು. ಹುಡುಗಿ ಹೇಳಿದ್ದು ಸರಿಯಾಗಿತ್ತು.

"ಊಟಾನೂ ಮಾಡ್ಲಿಲ್ಲ. ಏನಾಯ್ತೇ?"

"ನನ್ನ ಕೆಲಸದಲ್ಲಿ ಒಂದು ತಪ್ಪಿದೆ ಅಣ್ಣಾ. ದೊಡ್ಡದು."

"ಯಾರ್‍ಯಾರಿಗೆ ಗೊತ್ತು?"

"ನನಗೆ, ಶ್ರಾವ್ಯಾಗೆ. ಅವಳು ಬಾಯಿ ಬಿಡಲ್ಲ. ಹೂವು ತಗೊಂಡು ಸುಮ್ನೆ ಮನೆಗೆ ಬಂದ್ಬಿಡಬಹುದು."

ಚಂದ್ರಮೋಹನ್‌ಗೆ ಅದು ಗೊತ್ತಿಲ್ಲದ ಕಸುಬು. ಕೊನೆಯ ನೂಲು ಎಳೆದು ಕೋಟನ್ನು ಬೆಳಕಿಗೆ ಹಿಡಿದರು. ಅಂದು ಒಳಗೆ ಮಡಿಸಿಟ್ಟಿದ್ದ ಎರಡು ಬೆರಳಗಲ ಬಟ್ಟೆ ಹೊರಬಂದಿತ್ತು. ಕೋಟೆಲ್ಲ ಮಾಸಿ ಬೂದಿ ಬಣ್ಣವಾಗಿದ್ದರೆ, ಆ ಪಟ್ಟಿ ಕಡುನೀಲಿ, ಆಗಷ್ಟೇ ಅಂಗಡಿಯಿಂದ ತಂದಂತೆ.

"ಇದು ಎದ್ದು ಕಾಣುತ್ತಲ್ಲೇ. ಮೇಲೊಂದು ಪಟ್ಟಿ ಹೊಲಿದು ಮುಚ್ಚಲಾ?"

ಅಹಲ್ಯಾ ಎದ್ದು ಬಂದು ಆ ನೀಲಿಯ ಮೇಲೆ ಬೆರಳಾಡಿಸಿದರು.

"ಇಷ್ಟೊಂದು ಯಾಕೆ ಬಿಟ್ಟಿದ್ದೆ ಆವಾಗ?"

"ಬೆಳೆಯೋ ಹುಡುಗಿ ಅಂತ."

"ಮೂವತ್ತು ವರ್ಷ ಆಗಿತ್ತು ನನಗೆ!"

"ಅದಕ್ಕೇನೀಗ?"

ಅಹಲ್ಯಾ ನಕ್ಕರು. "ಕಾಣ್ಲಿ ಬಿಡು ಅಣ್ಣಾ," ಎಂದರು.

ಮಾರ್ಚ್ ಹನ್ನೆರಡರಂದು ವಿಶ್ವವಿದ್ಯಾಲಯದ ದೊಡ್ಡ ಪಾಠದ ಕೋಣೆಯಲ್ಲಿ ಹತ್ತೇ ಜನ. ಉಳಿದವರೆಲ್ಲ ಪರದೆಯ ಮೇಲೆ. ಗಾಳಿಯಾಡಲೆಂದು ಕಿಟಕಿಗಳನ್ನು ತೆರೆದಿಟ್ಟಿದ್ದರಿಂದ ಯಾರೂ ಕೋಟು ಕಳಚಿರಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತ ಚಂದ್ರಮೋಹನ್‌ಗೆ ಜಪಾನಿ ಬಾರದು. ಬೋರ್ಡಿನ ಮೇಲೆ ಓಡುವ ತಂಗಿಯ ಕೈಯನ್ನಷ್ಟೇ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ಆ ಕೈ ನಿಂತಿತು. ಕೆಂಪು ಸೀಮೆಸುಣ್ಣ ಎತ್ತಿಕೊಂಡು ಒಂದು ಸಾಲಿನ ಸುತ್ತ ಗೆರೆ ಎಳೆಯಿತು. ಅಹಲ್ಯಾ ಎರಡು ಮಾತು ಹೇಳಿ, ಸೊಂಟದವರೆಗೆ ಬಾಗಿದರು. ಹೂಗುಚ್ಛ ಹಿಡಿದಿದ್ದ ಹಿರಿಯ ಪ್ರೊಫೆಸರ್ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಶ್ರಾವ್ಯಾ ಸಾನ್," ಎಂದು ಅಹಲ್ಯಾ ಅಲ್ಲಿನ ಮರ್ಯಾದೆಯಲ್ಲೇ ಕರೆದು ಸೀಮೆಸುಣ್ಣ ಚಾಚಿದರು.

ಹುಡುಗಿ ಬಂದು ಮೂರು ಸಾಲು ಬರೆದಳು, ನಿಂತಳು. "ಮ್ಯಾಡಮ್, ಇಲ್ಲಿವರೆಗೂ ಓಕೆ. ಆಮೇಲೆ ನಾನೂ ಸ್ಟಕ್ ಆಗಿದ್ದೀನಿ," ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು.

"ನಾನೂ," ಎಂದರು ಅಹಲ್ಯಾ. ತಾವೂ ಒಂದು ಚೂರು ಸೀಮೆಸುಣ್ಣ ತೆಗೆದುಕೊಂಡು ಕೈ ಎತ್ತಿದಾಗ, ಪಕ್ಕೆಯ ನೀಲಿ ಪಟ್ಟಿ ಎಲ್ಲರಿಗೂ ಕಂಡಿತು. ಆಮೇಲೆ ಇಬ್ಬರೂ ಜನರ ಕಡೆ ತಿರುಗಲೇ ಇಲ್ಲ.

ಅಂದಿನಿಂದ ಶ್ರಾವ್ಯಾ ದಿನಾ ಫ್ಲ್ಯಾಟಿಗೆ ಬರತೊಡಗಿದಳು. ನೆಲದ ತುಂಬ ಹಾಳೆಗಳು. ಚಂದ್ರಮೋಹನ್ ಚಿತ್ರಾನ್ನದ ತಟ್ಟೆ ಹಿಡಿದು, ಒಂದನ್ನೂ ತುಳಿಯದೆ ದಾಟುವುದನ್ನು ಕಲಿತರು.

ಹೊರಡುವ ಬೆಳಿಗ್ಗೆ ಕೋಟು ಬಾಗಿಲ ಪಕ್ಕದ ಗೂಟದಲ್ಲಿ ತೂಗುತ್ತಿತ್ತು. ನೀಲಿ ಪಟ್ಟಿಯ ಮೇಲೆ ಸೀಮೆಸುಣ್ಣದ ಪುಡಿ. ಕೊಡವಲು ಕೈ ಚಾಚಿದ ಚಂದ್ರಮೋಹನ್ ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿದರು. ಅವರು ಊರಿಗೆ ಹೊರಟಿದ್ದು ಮಾರ್ಚ್ ಇಪ್ಪತ್ತೆಂಟು, ಭಾನುವಾರ. ಸೆಂಡಾಯ್‌ನಲ್ಲಿ ಆ ವರ್ಷದ ಮೊದಲ ಚೆರ್ರಿ ಹೂ ಅರಳಿದ್ದೂ ಅಂದೇ.