ಎರಡು ಸಾವಿರದ ನಾನೂರು ಸುತ್ತು

ಪೆಟ್ಟಿಗೆಯನ್ನು ಎತ್ತಿದ ಕೂಡಲೇ ಕೆಂಪವ್ವನ ಕೈ ಅಲ್ಲೇ ನಿಂತಿತು. ಅದು ಇರಬೇಕಾದ್ದಕ್ಕಿಂತ ಭಾರವಾಗಿತ್ತು.

"ಎವ್ವಾ, ಲಗೂನ ಸರಸ. ಅಪ್ಪನ್ನ ಕೂಡಸಾಕ ಜಾಗಾ ಬೇಕು," ಎಂದ ಮಗ ಬಾಳೇಶ, ಬಾಗಿಲ ಬಳಿ ಕಂಬಳಿ ಹಿಡಿದು ನಿಂತು. ರಾತ್ರಿಯಿಡೀ ಒಳಮನೆಯಲ್ಲಿ ಮಲಗಿಸಿದ್ದ ಗಂಡ ಭರಮು ಮಿಸ್ತ್ರಿಯ ಹೆಣವನ್ನು ಈಗ ಮುಂದಿನ ಅಂಗಡಿ ಕೋಣೆಗೆ ತಂದು ಗೋಡೆಗೆ ಆನಿಸಿ ಕೂಡಿಸಬೇಕಾಗಿತ್ತು. ಚಿಂಚಲಿಯವರಷ್ಟೇ ಅಲ್ಲ, ಹೊಳೆಸಾಲಿನ ಹತ್ತೂರಿನ ಜನ ನೋಡಲು ಬರುವವರಿದ್ದರು. ಅದಕ್ಕೆಂದೇ ಮೇಜಿನ ಮೇಲಿನ ಸಾಮಾನು ತೆಗೆಯುತ್ತಿದ್ದಳು ಕೆಂಪವ್ವ. ತಂತಿ ಕತ್ತರಿಸುವ ಪಕ್ಕಡ, ಸುಟ್ಟ ತಂತಿಯ ಉಂಡೆಗಳು, ಕಡೆಗೆ ಇದು: ತಗಡಿನ ಪೆಟ್ಟಿಗೆ, ನೆತ್ತಿಯ ಮೇಲೆ ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ಎರಡು ವಾಲ್ವು, ಜೋತುಬಿದ್ದ ಹೆಡ್‌ಫೋನು. ಗಂಡ ಹನ್ನೆರಡು ದಿನಗಳ ಹಿಂದೆ ಮಾಡಿ ಮುಗಿಸಿದ್ದ.

ಅವಳು ಅದನ್ನು ಒಮ್ಮೆಯೂ ಎತ್ತಿರಲಿಲ್ಲ. ಕಸ ಹೊಡೆಯುವಾಗಲೂ ಸುತ್ತು ಹಾಕಿ ಹೊಡೆಯುತ್ತಿದ್ದಳು. ಕರೆಂಟಿನದೊಂದು ಬಿಟ್ಟರೆ ಇದರಲ್ಲಿ ತಂತಿ ಸುತ್ತಿದ ಬೇರೆ ಕಾಯಿಲ್ ಇಲ್ಲ ಎಂದು ಅವನು ಹೇಳಿದ್ದ. ಆದರೆ ಮೂವತ್ತೆರಡು ವರ್ಷ ತಾಮ್ರ, ಕಬ್ಬಿಣ ಎತ್ತಿದ ಕೈ ಅವಳದು. ಈ ಭಾರ ಒಂದು ಕಾಯಿಲಿನದಲ್ಲ.

ಮೂಲೆಗೆ ಒಯ್ದು ಬೋರಲು ಹಾಕಿದಳು. ಅಡಿಯನ್ನು ಇನ್ನೂ ಮುಚ್ಚಿರಲಿಲ್ಲ. ದೊಡ್ಡದೊಂದರ ಪಕ್ಕದಲ್ಲಿ ಅವಳಿ ಕೂಸುಗಳ ಹಾಗೆ ಎರಡು ಸಣ್ಣ ಕಾಯಿಲ್. ಹೊರಗೆ ಬಂದ ತಂತಿಯ ತುದಿಯನ್ನು ಎರಡು ಸಲ ಮಡಚಿ, ಬಿಳಿ ನೂಲಿನಿಂದ ಕಟ್ಟಿ, ನೂಲಿನ ಕೊನೆಯನ್ನು ಸುತ್ತಿನ ಕೆಳಗೆ ಅಡಗಿಸಲಾಗಿತ್ತು. ಹಾಗೆ ಕಟ್ಟುವವರು ರಾಯಬಾಗದಲ್ಲಿಲ್ಲ, ಅಥಣಿಯಲ್ಲಿಲ್ಲ. ಎಲ್ಲರೂ ಟೇಪು ಅಂಟಿಸಿ ಬಿಡುತ್ತಾರೆ. ಅದು ಕೆಂಪವ್ವನ ಗಂಟು. ಅವಳು ಅದನ್ನು ಯಾರಿಗೂ ಕಲಿಸಿರಲಿಲ್ಲ.

ಈ ಕಾಯಿಲ್‌ಗಳನ್ನು ಅವಳು ಕಟ್ಟಿರಲೂ ಇಲ್ಲ.

"ಎವ್ವಾ!"

"ಬಂದ್ನೋ," ಎಂದು ಪೆಟ್ಟಿಗೆಯ ಮೇಲೊಂದು ಗೋಣಿಚೀಲ ಹೊದಿಸಿ ಎದ್ದಳು.

* * *

ಭರಮು ಮಿಸ್ತ್ರಿಯ ಬೆರಳು ದಪ್ಪ. ಮದುವೆಯಾದ ಹೊಸದರಲ್ಲಿ ಅವನು ಮೋಟಾರಿನ ಕಾಯಿಲ್ ಸುತ್ತಲು ಕೂತರೆ ಗಳಿಗೆಗೊಮ್ಮೆ ತಂತಿ ಹರಿಯುತ್ತಿತ್ತು. ಒಂದು ಮಧ್ಯಾಹ್ನ ಹೊಸ ಹೆಂಡತಿ, "ಒಂದೀಟ ಸರೀರಿ," ಎಂದು ಕೈಮಷಿನ್ನಿನ ಮುಂದೆ ಕೂತಳು. ಆವತ್ತು ಕೂತವಳು ಮತ್ತೆ ಏಳಲಿಲ್ಲ.

ಎದ್ದರೆ, ಗಿರಾಕಿ ಬಂದಾಗ ಮಾತ್ರ. ಹೊಳೆದಂಡೆಯಿಂದ ಸುಟ್ಟ ಮೋಟಾರು ಹೇರಿಕೊಂಡು ಯಾರಾದರೂ ಬಂದರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು; ಅವನು ಬಂದು ಮಷಿನ್ನಿನ ಮುಂದೆ ಕೂರುತ್ತಿದ್ದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ, ರೂಢಿಯಾಗಿ ಹೋಯಿತು. ಫಲಕದ ಮೇಲೆ ಅವನ ಹೆಸರು ಬಂತು. ಕಬ್ಬಿನ ರೈತರ ಬಾಯಲ್ಲಿ ಅವನ ಕೈಗೆ ಹೆಸರು ಬಂತು.

ಜನ ಹೋದ ಮೇಲೆ ಭರಮು ಅವಳು ಮುಗಿಸಿದ ಕಾಯಿಲ್ ಎತ್ತಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿ ಸುತ್ತಿನ ಮೇಲೆ ಬೆರಳಾಡಿಸಿ, "ಹ್ಞೂಂ," ಅನ್ನುತ್ತಿದ್ದ. ಅಷ್ಟೇ. ಚಲೋ ಆಗೈತಿ ಅಂತಲೂ ಇಲ್ಲ, ಶಾಬಾಸಕಿಯೂ ಇಲ್ಲ. ಆ ಒಂದು 'ಹ್ಞೂಂ' ಕೆಂಪವ್ವನಿಗೆ ಸಾಕಾಗಿತ್ತು.

* * *

ಹಣೆಗೆ ಭಂಡಾರದ ಅರಿಷಿಣ ಬಳಿದು, ಹೆಗಲಿಗೆ ಕರಿ ಕಂಬಳಿ ಹಾಕಿ ಕೂಡಿಸಿದ ಮೇಲೆ ಭರಮು ಗಿರಾಕಿಯ ಹಾದಿ ಕಾಯುವವನ ಹಾಗೆ ಕಾಣುತ್ತಿದ್ದ. ದುಂಡವ್ವ ಬಂದಳು. ಯಾರ ಮನೆಯ ಸಾವಿಗಾದರೂ ಮೊದಲು ಬಂದು, ಹಾಡಿಕೊಂಡು ಅಳುವವಳು.

"ಎಂಥಾ ಕೈಯಪ್ಪಾ ನಿಂದು, ಸುಟ್ಟ ಮೋಟಾರಿಗಿ ಉಸರು ಕೊಟ್ಟಿ! ಹೊಳೀ ನೀರು ಹೊಲಾ ಕಂಡಿದ್ದು ನಿನ್ನ ಬೆರಳಿಂದಪ್ಪಾ, ಈಗ ಆ ಬೆರಳ ಯಾಕ ತಣ್ಣಗ ಆದಾವು!"

ಹೆಂಗಸರು ದನಿಗೂಡಿಸಿದರು. ಕೆಂಪವ್ವ ಗಂಡನ ಪಕ್ಕದಲ್ಲಿ ಕೂತು ತನ್ನ ಬೆರಳು ನೋಡಿಕೊಂಡಳು.

ಹೊರಗೆ ಕಟ್ಟೆಯ ಮೇಲೆ ಕಬ್ಬಿನ ರೈತ ಧೂಳಪ್ಪ ಹೇಳುತ್ತಿದ್ದ: "ನಮ್ಮ ಐದ ಎಚ್‌ಪಿ ಮೋಟಾರು ಇಂವಾ ಕಟ್ಟಿ ಹದಿನಾಕ ವರ್ಷಾತು ನೋಡ್ರಿ. ಎರಡ ಸಲ ಹೊಳ್ಯಾಗ ಮುಣಗೇತಿ. ಇನ್ನಾ ಸುಟ್ಟಿಲ್ಲ."

"ನೀ ಅದಕ್ಕ ಎಣ್ಣಿ ಹಾಕೂದಿಲ್ಲ, ಸುಡಾಕೂ ಬ್ಯಾಸರ ಬಂದಿರಬೇಕದಕ್ಕ," ಅಂದ ಭರಮುವಿನ ತಮ್ಮ ಬೀರದೇವ.

ಒಂದಿಬ್ಬರು ನಕ್ಕರು, ನಕ್ಕು ಕೆಮ್ಮಿದರು.

"ಹೆಂಗ ಹೋದ ಮಿಸ್ತ್ರಿ?" ಎಂದು ಬಂದವರಲ್ಲೊಬ್ಬ ಕೇಳಿದ.

"ನಿನ್ನೆ ಸಂಜೀಕ. ಕಿವ್ಯಾಗ ಅದೇನೋ ಹಾಕ್ಕೊಂಡ ಹಾಡು ಕೇಳ್ಕೋತ ಕುಂತಿದ್ದ. ಕುಂತಲ್ಲೇ ಹೋದ. ಪುಣ್ಯವಂತ," ಅಂದ ಬೀರದೇವ.

ಕೆಂಪವ್ವ ತಲೆ ತಗ್ಗಿಸಿದಳು. ನಿನ್ನೆ ಚಹಾ ಕುದಿಸಿ ಮೂರು ಸಲ ಕರೆದಿದ್ದಳು. ಓಗೊಡಲಿಲ್ಲ. ದಿನದ ಹಾಗೆ ಕಿವಿ ಮುಚ್ಚಿಕೊಂಡು ಕೂತಿದ್ದಾನೆಂದು ಸಿಟ್ಟು ನೆತ್ತಿಗೇರಿತ್ತು. "ಆ ಡಬ್ಬೀ ಕೂಡ ಸಾಯ್ರಿ ಹಂಗಾರ!" ಎಂದು ಹಿತ್ತಿಲಿನಿಂದಲೇ ಒದರಿದ್ದಳು. ಒಳಗೆ ಬಂದು ನೋಡಿದರೆ ವಾಲ್ವು ಎರಡೂ ಕೆಂಪಗೆ ಉರಿಯುತ್ತಿದ್ದವು, ಅವನ ಕೈ ತಣ್ಣಗಾಗಿತ್ತು. ಒದರಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

* * *

ಆ ಪೆಟ್ಟಿಗೆಯ ಹುಚ್ಚು ಹತ್ತಿದ್ದು ದೀಪಾವಳಿ ಮುಂದೆ. ಮೋಟಾರಿನ ಗದ್ದಲದಲ್ಲಿ ಭರಮುವಿನ ಕಿವಿ ಮಂದವಾಗಿದ್ದವು. ಅವನ ಡೊಳ್ಳಿನ ಹಾಡಿನ ಕ್ಯಾಸೆಟ್ಟಿನ ಸದ್ದಿಗೆ ಮೊಮ್ಮಕ್ಕಳ ಓದು ಕೆಡುತ್ತಿತ್ತು. ಹೆಡ್‌ಫೋನು ತಂದರೆ, ದನಿ ಡಬ್ಬದೊಳಗಿನ ಬೆಣಚುಕಲ್ಲಿನ ಹಾಗೆ ಬರತೈತಿ ಅಂದ. ಮದುವೆಗೆ ಮುಂಚೆ ಅವನು ಕುಡಚಿಯಲ್ಲಿ ವಾಲ್ವ್ ರೇಡಿಯೋ ರಿಪೇರಿ ಕಲಿತವನು. ಹೆಡ್‌ಫೋನಿಗೆ ಅಂಥ ವಾಲ್ವಿನದೇ ಒಂದು ಆಂಪ್ಲಿಫೈಯರ್ ಕೈಯಾರೆ ಮಾಡಬೇಕೆಂದು ಕೂತ. ರಾಯಬಾಗದಲ್ಲಿ ಐಟಿಐ ಹುಡುಗರಿಗೆ ಪಾಠ ಹೇಳುವ ಸಮಾಧಾನ ಎಂಬ ಮಾಸ್ತರ ಮೂರು ನಕಾಶೆಗಳನ್ನು ಕಾಗದದ ಮೇಲೆ ತೆಗೆಸಿ ತಂದು ಮೇಜಿನ ಮೇಲೆ ಹರವಿದ.

"ಇದು ಮುಂಬೈದಿಂದ ತಯಾರ ಬರತೈತ್ರಿ, ಜೋಡಸೂದಷ್ಟ ಕೆಲಸ. ಆದ್ರ ಇದರಾಗಿನ ವಾಲ್ವು ಬರೇ ತೋರಿಕಿಗಿ. ದುಡಿಯೂದು ಟ್ರಾನ್ಸಿಸ್ಟರು."

"ಮದವಿ ಮನ್ಯಾಗ ರುಮಾಲ ಸುತಗೊಂಡ ಕುಂತ ಬೀಗರಂಗ," ಅಂದ ಭರಮು. "ಬ್ಯಾಡ. ಮುಂದಿಂದು?"

"ಇದರಾಗ ದನಿ ಕಳಸೂ ಕಾಯಿಲ್ ಇಲ್ಲ. ವಾಲ್ವಿನಿಂದ ಕಂಡೆನ್ಸರ್, ಕಂಡೆನ್ಸರಿನಿಂದ ಸೀದಾ ಕಿವೀಗಿ. ಹಗರ, ಸೋವಿ. ಆದ್ರ ನಿಮ್ಮ ಹೆಡ್‌ಫೋನಿಗಿ ದನಿ ತೆಳ್ಳಗಾಗತೈತಿ. ಡೊಳ್ಳು ಡೊಳ್ಳಿನಂಗ ಕೇಳೂದಿಲ್ಲ."

"ಮೂರನೇದು?"

"ಖರೇದು ಅಂದ್ರ ಇದಽ. ಎಡಗಿವಿಗಿ ಒಂದು, ಬಲಗಿವಿಗಿ ಒಂದು ಕಾಯಿಲ್. ಒಂದೊಂದಕ್ಕೂ ಎರಡ ಸಾವಿರದ ನಾನೂರ ಸುತ್ತು, ಕೂದಲದಂಥಾ ತಂತಿ. ಎರಡೂ ಒಂದಕ್ಕೊಂದು ಸರಿ ಇರಬೇಕು. ಪ್ಯಾಟ್ಯಾಗ ಸಿಗೂದಿಲ್ಲ, ಕೈಲೇ ಕಟ್ಟಬೇಕು."

ಚಹಾ ತಂದ ಕೆಂಪವ್ವ ಬಾಗಿಲಲ್ಲೇ ನಿಂತು ಅಂದಳು: "ಮೂರನೇದಽ ಮಾಡ್ರಿ. ನಾ ಕಟ್ಟತೀನಿ."

ಭರಮು ಅವಳ ಕಡೆ ನೋಡದೆ ಚಹಾ ಊದಿದ. "ಕಣ್ಣಾಗ ಮೋತಿಬಿಂದು ಇಟಕೊಂಡು ಕೂದಲಾ ಸುತ್ತತಾಳಂತ," ಎಂದು ನಕ್ಕ. ಮಾಸ್ತರನೂ ನಗಲು ಹೋಗಿ, ಅವಳ ಮುಖ ನೋಡಿ ಕಾಗದ ಮಡಚತೊಡಗಿದ. "ಆಪ್ರೇಶನ್ನ ಆಗಲಿ, ನೋಡೂಣು," ಅಂದ ಭರಮು.

ಮುಂದೆ ಮೂರು ತಿಂಗಳು ಆ ಕಾಗದಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಒಂದು ದಿನ ಎರಡನೆಯದು ಅನ್ನುವನು, ಮರುದಿನ ಮೂರನೆಯದರ ಮೇಲೆ ಬೆರಳಿಡುವನು. ಕೆಂಪವ್ವ ಮಿರಜಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಅಥಣಿಯಲ್ಲಿ ಮಗಳು ಗಂಗಾಳ ಮನೆಯಲ್ಲಿ ಇಪ್ಪತ್ತು ದಿನ ಇದ್ದು ಬಂದಳು. ಬಂದವಳು ಕೈತೊಳೆದು ಮಷಿನ್ನಿನ ಮುಂದೆ ಕೂರುವ ಮೊದಲೇ ಅವನೆಂದ: "ಕಾಯಿಲ್ ಇಲ್ಲದ್ದಽ ಮಾಡಾಕತ್ತೇನಿ. ನೀ ತಲಿ ಕೆಡಿಸ್ಕೋಬ್ಯಾಡ."

ಅವತ್ತಿನಿಂದ ಅವಳು ಆ ಪೆಟ್ಟಿಗೆಯನ್ನು ಕೈಯಿಂದ ಮುಟ್ಟಲಿಲ್ಲ. ಅದು ತಯಾರಾದ ಮೇಲೆ ಸಂಜೆಯ ಅವನ ಕಿವಿಯೂ ಅವಳಿಗೆ ಉಳಿಯಲಿಲ್ಲ. "ಸವತೀನ ತಂದಿದ್ರ ಚಲೋ ಇತ್ತು," ಎಂದು ಓಣಿಯ ಸುಂದ್ರವ್ವನ ಮುಂದೆ ಅಂದಿದ್ದಳು, "ಬೈದ್ರ ಅಕೀಗ್ಯಾರ ಕೇಳತಿತ್ತು."

* * *

ಸಮಾಧಾನ ಮಾಸ್ತರ ಮಾಲೆ ಹಾಕಿ ಕೈಮುಗಿದು ಹಿಂದೆ ಸರಿಯುವಾಗ ಕೆಂಪವ್ವ ಕುಳಿತಲ್ಲಿಂದಲೇ ಕೇಳಿದಳು. ಭಜನೆಯವರ ತಾಳದ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ.

"ಸರ, ಅದರಾಗಿನ ಎರಡ ಸಣ್ಣ ಕಾಯಿಲ್ ಯಾರ ಕಟ್ಟ್ಯಾರ್ರಿ?"

ಮಾಸ್ತರ ತಬ್ಬಿಬ್ಬಾದ. "ನೀವಽ ಅಲ್ಲೇನ್ರೀ? ಮನ್ಯಾಗ ಕಟ್ಟಿಸೇನಿ ಅಂದಿದ್ರು ಮಿಸ್ತ್ರಿ. ನಾ ನೀವಽ ಅಂತ ತಿಳ್ಕೊಂಡಿದ್ದೆ. ಮೀಟರ್ ಹಚ್ಚಿ ನೋಡಿದ್ನಿ, ಎರಡಕ್ಕೂ ಕೂದಲೆಳಿ ಫರಕಿಲ್ಲ."

ಮನೆಯಲ್ಲಿ. ಕೆಂಪವ್ವ ಕಣ್ಣೆತ್ತಿದಳು. ಸೊಸೆ ಸೋನಾಲಿ ಬಂದವರಿಗೆ ನೀರು ಕೊಡುತ್ತಿದ್ದಳು. ನಿಪ್ಪಾಣಿ ಕಡೆಯ ಹುಡುಗಿ, ಬಂದು ಎಂಟು ವರ್ಷ. ಒಮ್ಮೆ ಮಷಿನ್ನಿಗೆ ಕೈ ಹಚ್ಚಿದಾಗ, "ಮುಟ್ಟಬ್ಯಾಡ, ಎಣಿಕಿ ತಪ್ಪತೈತಿ," ಎಂದು ಗದರಿದ್ದಳು ಕೆಂಪವ್ವ. ಮತ್ತೆ ಹಚ್ಚಿರಲಿಲ್ಲ. ಅತ್ತೆಯ ನೋಟ ತಾಗಿದ್ದೇ ಸೋನಾಲಿ ತಂಬಿಗೆ ಕೆಳಗಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಕೆಂಪವ್ವನ ಎದೆಯೊಳಗೆ ಎಂಥದೋ ಸುಟ್ಟ ವಾಸನೆ ಎದ್ದಂತಾಯಿತು. ಊರು ಕೊಂಡಾಡುತ್ತಿದ್ದ ಕೈ ಯಾರದೆಂದು ಊರಿಗೆ ಹೇಳಬಹುದಾಗಿದ್ದವನು ಜಗತ್ತಿನಲ್ಲಿ ಒಬ್ಬನೇ. ಅವನು ಪಕ್ಕದಲ್ಲಿ ಭಂಡಾರ ಬಳಿದುಕೊಂಡು ಕೂತಿದ್ದ. ಹೋಗುವ ಮೊದಲು, ಅವಳಿಗೆ ಅಂತ ಇದ್ದ ಆ ಕೆಲಸವೊಂದನ್ನೂ ಕಿತ್ತು ಬೇರೆಯವಳಿಗೆ ಕೊಟ್ಟು ಹೋಗಿದ್ದ.

ಹೆಣ ಎತ್ತಿದಾಗ ಅವಳು ಅತ್ತಳು. ದುಂಡವ್ವ ಅವಳ ಬೆನ್ನು ಸವರಿ, "ಅಳವ್ವಾ ಅಳ, ಬೆಳಗಿಂದ ಕಲ್ಲಾಗಿ ಕುಂತಿದ್ದಿ," ಅಂದಳು.

* * *

ಗಂಡಸರು ಮಣ್ಣು ಕೊಡಲು ಹೊಲಕ್ಕೆ ಹೋದರು. ಹೆಂಗಸರು ಓಣಿಯ ತುದಿಯಿಂದ ತಿರುಗಿ ಬಂದು ಮನೆ ತೊಳೆಯತೊಡಗಿದರು. ಕೆಂಪವ್ವ ಅಂಗಡಿ ಕೋಣೆಗೆ ಹೋಗಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಬೋರಲಿಟ್ಟುಕೊಂಡು ಕೂತಳು.

"ಅತ್ತಿ, ನೀರ ಕಾದಾವ್ರಿ. ಜಳಕಾ ಮಾಡೇಳ್ರಿ," ಎನ್ನುತ್ತ ಬಂದ ಸೋನಾಲಿ ಬಾಗಿಲಲ್ಲೇ ನಿಂತಳು.

"ಎಷ್ಟ ದಿನಾ ಹಿಡೀತು?"

ಸೋನಾಲಿ ಪೆಟ್ಟಿಗೆ ನೋಡಿದಳು. "ಒಂಬತ್ತ ದಿನಾರಿ," ಅಂದಳು. "ನೀವು ಅಥಣ್ಯಾಗ ಇದ್ದಾಗ. ಹುಡಗೂರು ಸಾಲೀಗಿ ಹ್ವಾದ ಮ್ಯಾಲ."

"ಗಂಟ ಯಾರ ಕಲಿಸಿದ್ರು?"

"ಯಾರೂ ಕಲಿಸಿಲ್ರಿ. ಎಂಟ ವರ್ಷ ಈ ಹೊಸ್ತಲದಾಗ ಕುಂತ ಜ್ವಾಳಾ ಹಸನ ಮಾಡೇನಲ್ರಿ."

"ಮೊರದಾಗಿನ ಹಳ್ಳು ನೋಡೂದ ಬಿಟ್ಟ ನನ್ನ ಕೈ ನೋಡ್ಕೋತ ಕುಂತಿದ್ದೇನ ಬೇ? ಅದಕ್ಕಽ ರೊಟ್ಟ್ಯಾಗ ದಿನಾ ಹಲ್ಲ ಮುರೀತಿತ್ತು."

ಸೋನಾಲಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ನನಗ ಯಾಕ ಹೇಳಲಿಲ್ಲ?"

"ಮಾಮಾ ಬ್ಯಾಡಂದ್ರು. ನಾನಽ ಹೇಳತೀನಿ ಅಂದ್ರು. ಹೇಳಿದ್ರೇನ್ರಿ ಅಂತ ದಿನಾ ಕೇಳತಿದ್ನಿ. ನಾಳೆ, ನಾಳೆ ಅಂತಿದ್ರು. ನಿಮಗ ಅಂಜತಿದ್ರರಿ."

"ಕಟ್ಟಿ ಕೊಟ್ಟಾಗ ಏನಂದ್ರು?"

"ಏನೂ ಅನಲಿಲ್ರಿ."

"ಖರೇ ಹೇಳ. ಇನ್ನಾ ಮಣ್ಣ ಮುಚ್ಚಿಲ್ಲ ಅವರಿಗಿ."

ಸೋನಾಲಿಯ ದನಿ ಇಳಿಯಿತು. "ಕಣ್ಣ ಮುಚಗೊಂಡು... ಮ್ಯಾಲ ಬೆರಳ ಆಡಿಸಿದ್ರು. 'ಹ್ಞೂಂ' ಅಂದ್ರು. ಅಷ್ಟಽ."

ಕೆಂಪವ್ವ ಪಕ್ಕಡ ಎತ್ತಿಕೊಂಡಳು. ಒಂದು ಕಾಯಿಲಿನ ತುದಿಗಳನ್ನು ಕತ್ತರಿಸಿದಳು. ತಿರುಪು ಬಿಚ್ಚಿ ಅದನ್ನು ಹೊರಗೆಳೆದು, ಅದರ ನಡುವಿನ ಕಬ್ಬಿಣದ ತೆಳು ತಗಡುಗಳನ್ನು ಒಂದೊಂದಾಗಿ ಕಿತ್ತು ನೆಲಕ್ಕೆ ಚೆಲ್ಲಿದಳು. ಇನ್ನೂ ವಾರ್ನಿಷ್ ಕುಡಿಸಿ ಅಂಟಿಸಿರಲಿಲ್ಲ, ಸಲೀಸಾಗಿ ಬಂದವು.

"ಬ್ಯಾಡ್ರಿ ಅತ್ತಿ! ಮಾಮಾ ಮಾಡಿದ್ದು ಅದೊಂದಽ ಐತಿ..."

"ಎಣಸತೀನಿ. ಎರಡ ಸಾವಿರದ ನಾನೂರಾಗ ಒಂದ ಸುತ್ತ ಕಮ್ಮಿ ಬರಲಿ, ಆಮ್ಯಾಲ ನೋಡತೀನಿ."

ನೂಲಿನ ಗಂಟು ಹರಿದಳು. ತುದಿ ಹಿಡಿದು ಎಳೆದಳು. "ಒಂದು. ಎರಡು. ಮೂರು." ಕೂದಲಿನಂಥ ತಾಮ್ರ ಸುರುಳಿ ಸುರುಳಿಯಾಗಿ ಮಡಿಲಿಗೆ ಇಳಿಯತೊಡಗಿತು. ಪದರದ ನಡುವಿನ ಕಾಗದ ಬಂದರೆ ತೆಗೆದಿಟ್ಟಳು. ಒಂದರ ಮೇಲೊಂದು ಏರದೆ, ನಡುವೆ ಸಂದಿಲ್ಲದೆ ಒತ್ತಾಗಿ ಮಲಗಿದ ಸುತ್ತುಗಳು. ಹೋದ ವರ್ಷ ತಾನೇ ಕಟ್ಟಿದ್ದೂ ಇಷ್ಟು ಸಾಫಾಗಿರಲಿಲ್ಲ. ಅದು ಕಂಡಷ್ಟೂ ಅವಳು ಜೋರಾಗಿ ಎಣಿಸಿದಳು.

ಮುನ್ನೂರರ ಹತ್ತಿರ ಮಡಿಲಿನ ತಂತಿ ಸಿಕ್ಕಾಗತೊಡಗಿತು. ಸೋನಾಲಿ ಮಷಿನ್ನಿನ ಬಳಿ ಹೋಗಿ ತಂತಿ ಸುತ್ತುವ ಒಂದು ಖಾಲಿ ಬಾಬಿನ್ ತಂದು, ಎದುರಿಗೆ ಕೂತಳು. ಮಡಿಲಿನಿಂದ ತುದಿ ಹುಡುಕಿ ತೆಗೆದು ಸುತ್ತಿಕೊಳ್ಳತೊಡಗಿದಳು. ಕೆಂಪವ್ವ ಕೊಡಲೂ ಇಲ್ಲ, ಕಿತ್ತುಕೊಳ್ಳಲೂ ಇಲ್ಲ. ಎಣಿಕೆ ತಪ್ಪೀತೆಂದು ಬೈಯಲೂ ಆಗಲಿಲ್ಲ.

ಮಡಿಲಿನದು ಮುಗಿದು ತಂತಿ ಇಬ್ಬರ ಕೈಗಳ ನಡುವೆ ಬಿಗಿಯಿತು.

"ಏನ ಮಾಡಾಕತ್ತೀರೇ ಅತ್ತಿ ಸೊಸಿ ಕೂಡಿ? ನೀರ ಆರಾಕತ್ತಾವು!" ಎಂದು ಸುಂದ್ರವ್ವ ಹಿತ್ತಿಲಿನಿಂದ ಕೂಗಿದಳು.

"ಏಳನೂರಾ ಹತ್ತು. ಹನ್ನೊಂದು. ಹನ್ನೆರಡು..."

ಕೆಂಪವ್ವನ ಬಾಯಿ ನಿಂತಿತು. ಕೈಯಲ್ಲಿ ಈಗ ಬಿಚ್ಚಿದ್ದು ಹನ್ನೆರಡೋ, ಹನ್ನೆರಡು ಆಗಿಹೋಗಿತ್ತೋ? ತಂತಿ ನಡುವೆ ಹಾಗೇ ನಿಂತಿತು. ಹೊರಗೆ ಹೆಂಗಸರು ನೆಲಕ್ಕೆ ನೀರು ಸುರಿಯುವ ಸದ್ದು ಕೇಳುತ್ತಿತ್ತು.

"ಹದಿಮೂರು," ಅಂದಳು ಸೋನಾಲಿ, ಬಾಬಿನ್ನಿನಿಂದ ಕಣ್ಣೆತ್ತದೆ.

ಕೆಂಪವ್ವ ಸೊಸೆಯ ಬೆರಳುಗಳನ್ನೇ ನೋಡಿದಳು. ತಂತಿಯನ್ನು ತನ್ನ ಕಡೆಗೆ ಜಗ್ಗಿದಳು, ಇನ್ನೊಂದಿಷ್ಟು ಜಗ್ಗಿದಳು. ಆ ಬೆರಳುಗಳು ಎಷ್ಟು ಬೇಕೋ ಅಷ್ಟೇ ಸಡಿಲ ಬಿಟ್ಟವು. ಅರೆ ತೆರೆದ ಬಾಗಿಲಿನ ಬಿಸಿಲಿನಲ್ಲಿ ಒಮ್ಮೆ ಕಂಡು ಒಮ್ಮೆ ಕಾಣದಾಗುತ್ತಿದ್ದ ಎಳೆ ಹರಿಯಲಿಲ್ಲ.

"ಹದಿಮೂರು," ಎಂದು ಕೆಂಪವ್ವ ಮುಂದಿನ ಸುತ್ತು ಬಿಚ್ಚಿದಳು.